ಎರಡು ಲೀಗು, ಒಂದು ಈಜು ತಂಡ

1986ರ ಏಪ್ರಿಲ್ ತಿಂಗಳ ಮೂರನೇ ಗುರುವಾರ, ಓಕ್ಲ್ಯಾಂಡಿನ ಪೂರ್ವದ ಬೆಟ್ಟಸಾಲಿನಲ್ಲಿರುವ ಒಂದು ಸರ್ಕಾರಿ ಕಾಲೇಜಿನ ಕ್ರೀಡಾ ಸಮಿತಿ, ಲೀಗು ಬದಲಿಸುವ ನಿರ್ಣಯವನ್ನು ಮತಕ್ಕೆ ಹಾಕದೆ ಮುಂದೂಡಿತು. ನಡಾವಳಿ ಪುಸ್ತಕದಲ್ಲಿ ಕಾರಣ ಒಂದೇ ವಾಕ್ಯದಲ್ಲಿದೆ: ಆದಾಯದ ಹೋಲಿಕೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.

ಆ ವಾಕ್ಯಕ್ಕೆ ಹಿಂದಿನ ಹತ್ತು ದಿನ, ಓಕ್ಲ್ಯಾಂಡಿನ ಒಂದು ದಿನಪತ್ರಿಕೆಯ ವರದಿಗಾರನಾಗಿ ನಾನು ಮಾಡಿದ ಕೆಲಸದ ವಿವರ ಇದು.

ಲೀಗು ಎಂದರೇನು ಎಂದು ಮೊದಲು ಹೇಳಬೇಕು. ಅಮೆರಿಕದಲ್ಲಿ ಕಾಲೇಜುಗಳು ಬಿಡಿಬಿಡಿಯಾಗಿ ಆಡುವುದಿಲ್ಲ. ಎಂಟೋ ಹತ್ತೋ ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಪಂದ್ಯಗಳಿಗೆ ಟೆಲಿವಿಷನ್‌ನವರು ಕೊಡುವ ಹಣ, ಕೂಟದ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿಕೆಟಿನ ಹಣ, ರಾಷ್ಟ್ರೀಯ ಟೂರ್ನಿಗೆ ಹೋದ ತಂಡ ತಂದ ಪಾಲು ಎಲ್ಲವೂ ಒಂದೇ ಕಡೆ ಸೇರಿ, ಜೂನ್ ತಿಂಗಳಲ್ಲಿ ಸದಸ್ಯ ಕಾಲೇಜುಗಳಿಗೆ ಚೆಕ್ಕಾಗಿ ಹಂಚಿಕೆಯಾಗುತ್ತದೆ. ಬೆಟ್ಟದ ಮೇಲಿನ ಈ ಕಾಲೇಜು ಇದ್ದದ್ದು ಕ್ಯಾಲಿಫೋರ್ನಿಯದೊಳಗೇ ಆಡುವ ಸಣ್ಣ ಲೀಗಿನಲ್ಲಿ. ಅದನ್ನು ಕರೆಯುತ್ತಿದ್ದದ್ದು ಪೂರ್ವಕ್ಕಿರುವ ಪರ್ವತ ರಾಜ್ಯಗಳ ದೊಡ್ಡ ಲೀಗು.

ಸೋಮವಾರ ಬೆಳಿಗ್ಗೆ ಸ್ಥಳೀಯ ಸುದ್ದಿ ನೋಡಿಕೊಳ್ಳುವ ಸಿಟಿ ಎಡಿಟರ್ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಐವತ್ತು ದಾಟಿದ ಹೆಂಗಸು. ಮಾತು ಕಡಿಮೆ, ಪೆನ್ಸಿಲ್ ಜಾಸ್ತಿ. ಹಾಳೆಯಲ್ಲಿ ಇದ್ದದ್ದು ಕಾಲೇಜಿನ ಕ್ರೀಡಾ ನಿರ್ದೇಶಕರು ಸಮಿತಿಗೆ ಕೊಟ್ಟ ಕೋಷ್ಟಕ. ಎಡಕ್ಕೆ ಹಳೆಯ ಲೀಗು, ಬಲಕ್ಕೆ ಹೊಸ ಲೀಗು, ಕಳೆದ ಮೂರು ವರ್ಷ ಪ್ರತಿ ಕಾಲೇಜಿಗೆ ಬಂದ ಹಣ. ಡಾಲರುಗಳ ಲೆಕ್ಕ ಆಗಿನ ಪತ್ರಿಕೆಯಲ್ಲಿ ಇದೆ, ಇಲ್ಲಿ ಪ್ರಮಾಣ ಸಾಕು. ಹಳೆಯ ಲೀಗು ಒಂದು ಡಾಲರ್ ಕೊಟ್ಟಲ್ಲಿ ಹೊಸದು ಎರಡು ಕೊಡುತ್ತಿತ್ತು. ಹೊಸ ಲೀಗಿನಲ್ಲಿ ಆಡಬೇಕಾದರೆ ವ್ಯಾನಿನ ಬದಲು ವಿಮಾನ ಹತ್ತಬೇಕು. ಅದಕ್ಕೆ ಅರವತ್ತು ಸೆಂಟು ಹೆಚ್ಚು ಖರ್ಚು. ಆದರೂ ನಲವತ್ತು ಸೆಂಟು ಲಾಭ.

ಕೋಷ್ಟಕದ ಕೆಳಗೆ ಎರಡು ಸಾಲಿನ ನಿರ್ಣಯ. ಒಂದು, ಮುಂದಿನ ವರ್ಷದಿಂದ ಹೊಸ ಲೀಗಿಗೆ ಸೇರುವುದು. ಎರಡು, ಸೇರ್ಪಡೆ ಶುಲ್ಕಕ್ಕಾಗಿ ಈಜು ತಂಡವನ್ನು ಮುಚ್ಚುವುದು. ಹೊಸ ಲೀಗಿನಲ್ಲಿ ಈಜು ಸ್ಪರ್ಧೆಯೇ ಇರಲಿಲ್ಲ.

“ಇಷ್ಟು ಚೊಕ್ಕವಾಗಿರುವ ಕೋಷ್ಟಕ ನಾನು ನೋಡಿಲ್ಲ. ಅದಕ್ಕೇ ನೀನು ನೋಡು,” ಎಂದರು ಎಡಿಟರ್. ಮುಂದಿನ ವಾರ ಗುರುವಾರ ಸಂಜೆ ನಾಲ್ಕಕ್ಕೆ ಸಮಿತಿಯ ಸಭೆ. ಅದಕ್ಕೂ ಮುಂಚೆ ವರದಿ ಬರಬೇಕು.

ಹಾಳೆ ತೆಗೆದುಕೊಳ್ಳುವ ಮೊದಲು ಒಂದು ವಿಷಯ ಹೇಳಬೇಕಾಗಿತ್ತು, ಹೇಳಿದೆ. ಬೆಟ್ಟದಾಚೆಯ ಡ್ಯಾನ್‌ವಿಲ್ ಊರಿನಲ್ಲಿ ನನಗೆ ತುಂಬ ಬೇಕಾದ ಒಂದು ಕುಟುಂಬವಿದೆ. ಅವರು ಮಂಗಳೂರಿನ ಕೊಂಕಣಿಯವರು. ಗಂಡ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಮಗಳು ಅದೇ ಕಾಲೇಜಿನಲ್ಲಿ ಎರಡನೇ ವರ್ಷ, ಈಜು ತಂಡದಲ್ಲಿದ್ದಾಳೆ.

ಎಡಿಟರ್ ಕೇಳಿದ್ದು ಒಂದೇ ಪ್ರಶ್ನೆ: ಅವರ ಮನೆಯಲ್ಲಿ ಊಟ ಮಾಡುತ್ತೀಯಾ? ಮಾಡುತ್ತೇನೆ ಎಂದೆ. ಮತದಾನ ಮುಗಿಯುವ ತನಕ ಮಾಡಬೇಡ, ಆ ಹುಡುಗಿಯನ್ನು ಏನೂ ಕೇಳಬೇಡ, ನೀನು ಕಂಡುಕೊಂಡದ್ದು ಪತ್ರಿಕೆಯಲ್ಲಿ ಬರುವವರೆಗೆ ಆ ಮನೆಗೆ ಗೊತ್ತಾಗಬಾರದು ಎಂದರು. ಬೇರೆಯವರಿಗೆ ಕೊಡಬಹುದಿತ್ತು. ಆದರೆ ಬಿಸಿನೆಸ್ ವಿಭಾಗದವರೆಲ್ಲ ಆದಾಯ ತೆರಿಗೆಯ ಕೊನೆಯ ದಿನದ ಸುದ್ದಿಗಳಲ್ಲಿ ಮುಳುಗಿದ್ದರು. ಕ್ರೀಡಾ ವಿಭಾಗದವರಿಗೆ ಸುದ್ದಿಗಾಗಿ ನಿರ್ದೇಶಕರು ದಿನಾ ಬೇಕು, ಅವರನ್ನು ಎದುರು ಹಾಕಿಕೊಳ್ಳಲಾರರು.

ನಾಲ್ಕು ದಿನ ಕೋಷ್ಟಕದ ಬೆನ್ನು ಹತ್ತಿದೆ. ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನ ಪ್ರಕಾರ ಅರ್ಜಿ ಕೊಟ್ಟು, ಕಾಲೇಜಿಗೆ ಹಳೆಯ ಲೀಗಿನಿಂದ ಬಂದ ಮೂರು ವರ್ಷದ ಚೆಕ್ಕುಗಳ ನಕಲು ಪಡೆದೆ. ಹೊಸ ಲೀಗಿನ ವಾರ್ಷಿಕ ವರದಿಯನ್ನು ಅದರ ಕಚೇರಿಯಿಂದ ತರಿಸಿಕೊಂಡೆ. ಹಸಿರು ಗೆರೆಯ ಲೆಡ್ಜರ್ ಹಾಳೆಯಲ್ಲಿ ಎರಡು ಸಾಲು ಬರೆದು, ಲೆಕ್ಕದ ಮಷೀನಿನಲ್ಲಿ ಕೂಡಿಸಿ, ಅದರಿಂದ ಬಂದ ಕಾಗದದ ಪಟ್ಟಿಯನ್ನು ಹರಿದು ಪಕ್ಕಕ್ಕೆ ಅಂಟಿಸಿದೆ. ವಿಮಾನದ ದರವನ್ನು ಎರಡು ಟ್ರಾವೆಲ್ ಏಜೆನ್ಸಿಗಳಲ್ಲಿ ಕೇಳಿದೆ. ಎಲ್ಲವೂ ತಾಳೆಯಾಯಿತು. ನಿರ್ದೇಶಕರ ಕೋಷ್ಟಕದಲ್ಲಿ ಒಂದು ಡಾಲರ್ ಕೂಡ ಹೆಚ್ಚುಕಮ್ಮಿ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ವರದಿ ಬರೆದು ಮುಗಿಸಿದೆ. ಮೊದಲ ವಾಕ್ಯ ಈಗಲೂ ನೆನಪಿದೆ: ಲೀಗು ಬದಲಿಸಿದರೆ ಕಾಲೇಜಿಗೆ ಲಾಭವಿದೆ ಎಂಬ ಕ್ರೀಡಾ ನಿರ್ದೇಶಕರ ಲೆಕ್ಕ ದಾಖಲೆಗಳಿಗೆ ಹೊಂದುತ್ತದೆ. ವಾಕ್ಯದಲ್ಲಿ ತಪ್ಪಿರಲಿಲ್ಲ. ನಾನು ಮೂಲ ಪರೀಕ್ಷಿಸಿದ್ದೆ, ಕೂಡಿಸುವಿಕೆ ಪರೀಕ್ಷಿಸಿದ್ದೆ. ಎರಡು ಚೆಕ್ಕುಗಳು ಒಂದೇ ಜಾತಿಯವೇ ಎಂದು ಮಾತ್ರ ಕೇಳಿರಲಿಲ್ಲ.

ನಮ್ಮ ಪತ್ರಿಕೆಯಲ್ಲಿ ಒಂದು ಪದ್ಧತಿ ಇತ್ತು. ಯಾವ ಅಂಕಿಯೂ ಅದನ್ನು ಹುಟ್ಟಿಸಿದವರಿಗೆ ಫೋನಿನಲ್ಲಿ ಓದಿ ಹೇಳದೆ ಅಚ್ಚಿಗೆ ಹೋಗಬಾರದು. ಕಾಗದದಲ್ಲಿ ಇದೆ ಎಂದರೂ ಬಿಡುತ್ತಿರಲಿಲ್ಲ. ಹೊಸಬರು ಇದನ್ನು ಶಿಕ್ಷೆ ಎಂದುಕೊಳ್ಳುತ್ತಿದ್ದರು. ಆ ಶುಕ್ರವಾರ ನಾನೂ ಹಾಗೇ ಅಂದುಕೊಂಡೆ. ಮನೆಗೆ ಹೋಗುವ ಹೊತ್ತಾಗಿತ್ತು. ಹಳೆಯ ಲೀಗಿನ ಕಚೇರಿಗೆ ಫೋನು ಮಾಡಿ, ಲೆಕ್ಕ ಬರೆಯುವ ಹೆಂಗಸಿಗೆ ಮೂರು ವರ್ಷದ ಅಂಕಿಗಳನ್ನು ಓದಿದೆ. ಅವರು ಒಂದೊಂದಕ್ಕೂ ಸರಿ, ಸರಿ ಎಂದರು. ಆಮೇಲೆ ಇದನ್ನು ಯಾವುದರ ಪಕ್ಕ ಇಡುತ್ತಿದ್ದೀಯಾ ಎಂದು ಕೇಳಿದರು. ಹೊಸ ಲೀಗಿನ ಅಂಕಿ ಹೇಳಿದೆ.

ಆ ಕಡೆ ಲೆಡ್ಜರಿನ ಪುಟ ತಿರುವುವ ಸದ್ದು ಕೇಳಿಸಿತು.

“ನೋಡಪ್ಪ, ನಮ್ಮದು ರೆಫರಿಗಳಿಗೆ ಕೊಟ್ಟಾದ ಮೇಲೆ ಉಳಿದ ಹಣ. ಅವರದ್ದೂ ಹಾಗೇನಾ?” ಎಂದರು.

ನನಗೆ ಗೊತ್ತಿರಲಿಲ್ಲ. ವರದಿಯನ್ನು ಶನಿವಾರದ ಪತ್ರಿಕೆಯಿಂದ ತೆಗೆಸಿದೆ. ಎಡಿಟರ್ ಕಾರಣ ಕೇಳಿ ತಲೆಯಾಡಿಸಿದರು ಅಷ್ಟೆ.

ಭಾನುವಾರ ಡ್ಯಾನ್‌ವಿಲ್‌ನಲ್ಲಿ ಯುಗಾದಿ ಊಟ. ಹಬ್ಬ ವಾರದ ನಡುವೆ ಮುಗಿದಿತ್ತು. ಇಲ್ಲಿ ಎಲ್ಲ ಹಬ್ಬವೂ ಭಾನುವಾರಕ್ಕೇ ಬರಬೇಕು. ನಾನು ಬರುವುದಿಲ್ಲ ಎಂದು ಫೋನು ಮಾಡಿದೆ. ಕಾರಣವನ್ನೂ ಮುಚ್ಚಿಡಲಿಲ್ಲ. ಡಾಕ್ಟರ ಹೆಂಡತಿ ನಕ್ಕರು.

“ಬೇವುಬೆಲ್ಲ ತಿನ್ನಲಿಕ್ಕೂ ನಿಮ್ಮ ಎಡಿಟರ್ ಪರ್ಮಿಷನ್ ಬೇಕಾ?”

ನನ್ನ ಹೆಂಡತಿ ಬೆಂಗಳೂರಿನವಳು. ನಿಯಮ ನಿಮಗೆ, ನನಗೂ ಮಕ್ಕಳಿಗೂ ಅಲ್ಲ ಎಂದು ಕಾರು ತೆಗೆದುಕೊಂಡು ಹೊರಟೇಬಿಟ್ಟಳು. ಸಂಜೆ ಡಬ್ಬಿಯಲ್ಲಿ ಹೋಳಿಗೆ ಬಂತು. ನಾನು ಮುಟ್ಟಲಿಲ್ಲ, ಮಕ್ಕಳು ಮುಗಿಸಿದರು. ಡಬ್ಬಿಯ ಜೊತೆ ಸುದ್ದಿಯೂ ಬಂದಿತ್ತು. ಹುಡುಗಿಗೆ ಒಹಾಯೊದ ಒಂದು ಕಾಲೇಜು ತನ್ನ ಈಜು ತಂಡದಲ್ಲಿ ಜಾಗ ಕೊಡುತ್ತೇನೆ ಎಂದಿದೆ. ವರ್ಗಾವಣೆಯ ಫಾರ್ಮು ಶುಕ್ರವಾರದೊಳಗೆ ಅಂಚೆಗೆ ಬೀಳಬೇಕು. ಇಲ್ಲಿ ತಂಡ ಮುಚ್ಚಿದರೆ ಅವಳ ಸ್ಕಾಲರ್‌ಶಿಪ್ಪೂ ಹೋಗುತ್ತದೆ. ಫಾರ್ಮಿಗೆ ಸಹಿ ಹಾಕಿ ಕಳಿಸಿಬಿಟ್ಟರೆ ಇಲ್ಲಿಯ ಜಾಗವನ್ನು ತಾನೇ ಬಿಟ್ಟುಕೊಟ್ಟ ಹಾಗೆ.

ರಾತ್ರಿಯ ಊಟಕ್ಕೆ ಮುಂಚೆ ಡಾಕ್ಟರೇ ಫೋನು ಮಾಡಿದರು.

“ಎಂತ ಮಾರಾಯ, ತಂಡ ಮುಚ್ಚುದು ಖಂಡಿತವಾ? ನೀನು ಡಿಟೇಲು ಎಂತದೂ ಹೇಳುದು ಬೇಡ. ಫಾರ್ಮು ಟೇಬಲ್ ಮೇಲೆ ಉಂಟು. ಸೈನ್ ಮಾಡ್ಲಾ ಬೇಡ್ವಾ, ಅಷ್ಟು ಹೇಳು ಸಾಕು.”

ಹೇಳಲು ಆಗುವುದಿಲ್ಲ ಎಂದೆ. ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುವುದಿಲ್ಲವೋ ಎಂದು ಕೇಳಿದರು. ಅದನ್ನೂ ಹೇಳಲು ಆಗುವುದಿಲ್ಲ ಎಂದೆ. ಇಪ್ಪತ್ತು ವರ್ಷ ಸರ್ಜರಿ ಮಾಡಿದವರು. ರೋಗಿಯ ಮನೆಯವರಿಗೆ ಇಂಥದೇ ಉತ್ತರವನ್ನು ಎಷ್ಟೋ ಸಲ ತಾವೂ ಕೊಟ್ಟಿರಬೇಕು. ಸಿಟ್ಟಾಗಲಿಲ್ಲ. ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: “ಡ್ಯಾಡ್, ಲೀವ್ ಅಂಕಲ್ ಅಲೋನ್. ಐಯಾಮ್ ನಾಟ್ ಸೈನಿಂಗ್ ಟಿಲ್ ಫ್ರೈಡೇ.” ಶುಕ್ರವಾರದವರೆಗೆ ಸಹಿ ಮಾಡುವುದಿಲ್ಲವಂತೆ ಎಂದು ಅಪ್ಪ ನನಗೆ ಕನ್ನಡದಲ್ಲಿ ಮತ್ತೆ ಹೇಳಿದರು, ಮಗಳ ಮೇಲೆ ದೂರು ಹೇಳುವವರ ಹಾಗೆ.

ಸೋಮವಾರ ಕೊಲ್ಲಿಯ ಮೇಲಿನ ಸ್ಯಾನ್ ಮಟೇಯೊ ಸೇತುವೆ ದಾಟಿ, ಏರ್‌ಪೋರ್ಟಿನ ಹತ್ತಿರ ಇದ್ದ ಹಳೆಯ ಲೀಗಿನ ಕಚೇರಿಗೆ ಹೋದೆ. ಎರಡು ಕೋಣೆಯ ಕಚೇರಿ. ಲೆಕ್ಕದ ಹೆಂಗಸು ನಿವೃತ್ತಿಯ ಹತ್ತಿರ ಇದ್ದವರು. ಕಾಗದ ಹಾರದಂತೆ ಲೆಡ್ಜರಿನ ಮೇಲೆ ರೆಫರಿಯ ಹಳೆಯ ಸೀಟಿಯೊಂದನ್ನು ಇಟ್ಟುಕೊಂಡಿದ್ದರು. ಪುಸ್ತಕ ಬಿಚ್ಚಿ ತೋರಿಸಿದರು. ಬಂದ ಹಣದಿಂದ ಮೊದಲು ಮೂರು ಬಾಬ್ತು ಕಳೆಯುತ್ತಾರೆ: ಎಲ್ಲ ಪಂದ್ಯಗಳ ರೆಫರಿಗಳ ಸಂಬಳ, ಆಟಗಾರರ ವಿಮೆ, ಟೂರ್ನಿಗಳಿಗೆ ತಂಡಗಳ ಓಡಾಟ ಮತ್ತು ವಸತಿ. ಉಳಿದದ್ದು ಚೆಕ್ಕು. ಚೆಕ್ಕು ಬಂದ ಮೇಲೆ ಕಾಲೇಜು ಲೀಗಿಗೆ ಏನೂ ಕೊಡಬೇಕಾಗಿಲ್ಲ.

ಪರ್ವತ ರಾಜ್ಯಗಳ ಲೀಗಿನವರು ಹೇಗೆ ಮಾಡುತ್ತಾರೆ ಎಂದು ಕೇಳಿದೆ. ತಮಗೆ ಖಚಿತವಿಲ್ಲ ಎಂದರು. ಆದರೆ ಅಲ್ಲಿಯ ಲೆಕ್ಕದವಳೊಬ್ಬಳು ವರ್ಷಕ್ಕೊಮ್ಮೆಯ ಸಮ್ಮೇಳನದಲ್ಲಿ ಸಿಗುತ್ತಾಳೆ, ಯಾವಾಗಲೂ ಆಗಸ್ಟ್ ತಿಂಗಳನ್ನು ಬೈಯುತ್ತಿರುತ್ತಾಳೆ ಎಂದರು. ಜೂನ್‌ನಲ್ಲಿ ಹಣ ಹಂಚುವವರಿಗೆ ಆಗಸ್ಟಿನಲ್ಲಿ ಏನು ಕೆಲಸ?

ಹೊಸ ಲೀಗಿನ ಉಪ ಆಯುಕ್ತರಿಗೆ ಫೋನು ಮಾಡಿದೆ. ಹಂಚಿಕೆ ಎಂದರೆ ಹಂಚಿಕೆ, ಉಳಿದದ್ದು ಸದಸ್ಯರ ಒಳವಿಷಯ ಎಂದು ಫೋನು ಇಟ್ಟುಬಿಟ್ಟರು. ಒಳವಿಷಯ ಇದೆ ಎಂದಾದರೂ ಇದರಿಂದ ತಿಳಿಯಿತು. ಅವರ ಸದಸ್ಯರಲ್ಲಿ ಸರ್ಕಾರಿ ಕಾಲೇಜುಗಳೂ ಇದ್ದವು; ಆ ರಾಜ್ಯಗಳಲ್ಲೂ ದಾಖಲೆ ಕಾನೂನು ಇತ್ತು. ಮಧ್ಯಾಹ್ನವೆಲ್ಲ ಮೂರು ಕಾಲೇಜುಗಳ ಹಣಕಾಸು ವಿಭಾಗಗಳಿಗೆ ಫೋನು ಮಾಡಿದೆ. ಮೊದಲನೆಯವರು ಲಿಖಿತ ಅರ್ಜಿ ಕೇಳಿದರು, ಎರಡನೆಯವರು ಮೂವತ್ತು ದಿನ ಕೇಳಿದರು. ಮೂರನೆಯ ಕಡೆ ಒಬ್ಬ ಗುಮಾಸ್ತ ಸಿಕ್ಕಿದ. ನಿಮಗೆ ಆಗಸ್ಟಿನಲ್ಲಿ ಲೀಗಿನಿಂದ ಏನಾದರೂ ಬರುತ್ತದೆಯೇ ಎಂದು ಕೇಳಿದೆ. ಬಿಲ್ಲು ಬರುತ್ತದೆ, ಎರಡು ಪುಟ, ನಾಳೆ ಫ್ಯಾಕ್ಸ್ ಮಾಡುತ್ತೇನೆ ಎಂದ.

ನಮ್ಮ ಕಟ್ಟಡದ ಒಂದೇ ಒಂದು ಫ್ಯಾಕ್ಸ್ ಯಂತ್ರ ಜಾಹೀರಾತು ವಿಭಾಗದಲ್ಲಿತ್ತು. ಮಂಗಳವಾರ ಅದರಲ್ಲಿ ಅಂಗಡಿಗಳವರ ಜಾಹೀರಾತು ಬರುತ್ತಲೇ ಇತ್ತು. ನಾನು ಎರಡು ಗಂಟೆ ಅದರ ಪಕ್ಕದಲ್ಲಿ ನಿಂತೆ. ಮೂರೂಮುಕ್ಕಾಲಿಗೆ ಮೊದಲ ಪುಟ ಸುರುಳಿ ಸುತ್ತಿಕೊಂಡು ಹೊರಬಂತು. ರೆಫರಿಗಳು, ವಿಮೆ. ಪುಟದ ಕೊನೆಯಲ್ಲಿ ‘ಮುಂದಿನ ಪುಟ ನೋಡಿ’ ಎಂದಿತ್ತು. ಮುಂದಿನ ಪುಟ ಬರಲಿಲ್ಲ. ನಡುವೆ ಒಂದು ಅಂಗಡಿಯ ಹಾಸಿಗೆಗಳ ಜಾಹೀರಾತು ನುಗ್ಗಿ ಲೈನು ಹಿಡಿದುಕೊಂಡಿತು. ಅದು ಮುಗಿದು ನಾನು ಫೋನು ಮಾಡುವಷ್ಟರಲ್ಲಿ ನಮ್ಮಲ್ಲಿ ನಾಲ್ಕು ದಾಟಿತ್ತು, ಅವರಲ್ಲಿ ಐದು. ಗುಮಾಸ್ತ ಮನೆಗೆ ಹೋಗಿದ್ದ.

ಬಂದ ಪುಟದ ಪ್ರಕಾರ ಹೊಸ ಲೀಗಿನ ಎರಡು ಡಾಲರಿನಿಂದ ನಲವತ್ತು ಸೆಂಟು ವಾಪಸು ಹೋಗುತ್ತಿತ್ತು. ವಿಮಾನದ ಅರವತ್ತನ್ನೂ ಕಳೆದರೆ ಉಳಿಯುವುದು ಒಂದು ಡಾಲರ್. ಹಳೆಯ ಲೀಗಿನಷ್ಟೇ. ಲಾಭ ಇಲ್ಲ, ನಷ್ಟವೂ ಇಲ್ಲ. ಟೂರ್ನಿಯ ಖರ್ಚು ಎರಡನೇ ಪುಟದಲ್ಲಿ ಇದ್ದಿರಬೇಕು. ಇಲ್ಲದೆಯೂ ಇರಬಹುದು.

ಎಡಿಟರ್ ಹತ್ತಿರ ಹೋದೆ. ಕೊಲ್ಲಿಯ ಆಚೆ ದಡದ ಇನ್ನೊಂದು ಪತ್ರಿಕೆಯವರೂ ಹಳೆಯ ಲೀಗಿಗೆ ಫೋನು ಮಾಡಿದ್ದಾರೆ ಎಂದು ಆಗಲೇ ಸುದ್ದಿಯಿತ್ತು. ಒಂದು ಪುಟ ಕೈಯಲ್ಲಿದೆ, ಕೋಷ್ಟಕ ಅಪೂರ್ಣ ಎಂದು ನಾಳೆಯೇ ಬರೆಯಬಹುದು. ಸಮಿತಿಗೆ ಒಂದು ದಿನ ಓದಲು ಸಿಗುತ್ತದೆ. ಇಲ್ಲವೆಂದರೆ ಗುರುವಾರ ಬೆಳಿಗ್ಗೆ, ಸಭೆ ಇರುವ ದಿನವೇ. ಆ ಎರಡನೇ ಪುಟ ಬುಧವಾರವೂ ಬರದಿದ್ದರೆ ಗುರುವಾರವೂ ಅದೇ ಅರ್ಧ ಲೆಕ್ಕ.

“ಅರ್ಧ ಲೆಕ್ಕ ತಪ್ಪಿದರೆ ಸಮಿತಿಯವರು ನಿನ್ನನ್ನು ಬದಿಗಿಟ್ಟು ಮತ ಹಾಕುತ್ತಾರೆ. ಬೈಲೈನಿನಲ್ಲಿ ಬರುವುದು ನಿನ್ನ ಹೆಸರು, ನೀನೇ ಹೇಳು,” ಎಂದರು.

ನನ್ನ ತಲೆಯಲ್ಲಿ ಡ್ಯಾನ್‌ವಿಲ್‌ನ ಟೇಬಲ್ಲಿನ ಮೇಲಿನ ಫಾರ್ಮು ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾಳೆಯೇ ಬರಲಿ ಎಂದು ನನಗೆ ಆಸೆಯಾದದ್ದು ಅದಕ್ಕೇ ಎಂದು ಗೊತ್ತಾದ ಮೇಲೆ, ತಡೆಯಿರಿ ಎಂದೆ.

ಬುಧವಾರ ಬೆಳಿಗ್ಗೆ ಏಳಕ್ಕೆ, ಅವರ ಎಂಟಕ್ಕೆ, ಗುಮಾಸ್ತನ ಕುರ್ಚಿಯಲ್ಲಿ ಅವನೇ ಇದ್ದ. ಪುಟ ಹೋಗಿಲ್ಲ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮೊದಲು ಫೋನಿನಲ್ಲಿ ಓದಿದ, ಆಮೇಲೆ ಯಂತ್ರಕ್ಕೆ ಹಾಕಿದ. ಜಾಹೀರಾತು ವಿಭಾಗ ಇನ್ನೂ ತೆರೆದಿರಲಿಲ್ಲ. ಪುಟ ಅಡ್ಡಿಯಿಲ್ಲದೆ ಬಂತು. ಟೂರ್ನಿಗಳ ಓಡಾಟ ಮತ್ತು ವಸತಿ: ಇನ್ನೂ ನಲವತ್ತು ಸೆಂಟು. ಅಂದರೆ ಹೊಸ ಲೀಗಿನ ಎರಡು ಡಾಲರಿನಲ್ಲಿ ಎಂಬತ್ತು ಸೆಂಟು ಆಗಸ್ಟಿನಲ್ಲಿ ಹಿಂದಕ್ಕೆ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಒಂದು ಇಪ್ಪತ್ತು. ವಿಮಾನ ಅರವತ್ತು. ಹಳೆಯ ಲೀಗಿನಲ್ಲಿ ಕೂತಿದ್ದರೆ ಒಂದು ಡಾಲರ್. ಹೊಸದರಲ್ಲಿ ಅರವತ್ತು ಸೆಂಟು. ಕೋಷ್ಟಕ ಹೇಳಿದ ಲಾಭದಷ್ಟೇ ನಷ್ಟ. ಅದರ ಮೇಲೆ ಸೇರ್ಪಡೆ ಶುಲ್ಕ ಬೇರೆ.

ಹಳೆಯ ಲೀಗಿನ ಅಂಕಿಗಳನ್ನು ಲೆಕ್ಕದ ಹೆಂಗಸಿಗೆ ಮತ್ತೆ ಓದಿ ಹೇಳಿದೆ. ಹೊಸ ಲೀಗಿನ ಉಪ ಆಯುಕ್ತರಿಗೂ ಓದಿದೆ. ಅವರು ಯಾವುದನ್ನೂ ಅಲ್ಲಗಳೆಯಲಿಲ್ಲ. ಬಿಲ್ಲು ಸದಸ್ಯರೆಲ್ಲರಿಗೂ ಗೊತ್ತಿರುವುದೇ, ನಿಮ್ಮ ಕಾಲೇಜು ಕೇಳಲಿಲ್ಲ ಎಂದರು.

ಉಳಿದದ್ದು ಕ್ರೀಡಾ ನಿರ್ದೇಶಕರು. ಹನ್ನೊಂದಕ್ಕೆ ಅವರ ಕೋಣೆಯಲ್ಲಿ ಕೂತು ಎರಡೂ ಪುಟ ಮೇಜಿನ ಮೇಲೆ ಇಟ್ಟೆ. ಎತ್ತರದ ಮನುಷ್ಯ, ಹಿಂದೆ ಬ್ಯಾಸ್ಕೆಟ್‌ಬಾಲ್ ಆಡಿದವರು. ಓದುವ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದರು. ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ, ಜಗಳ ಆಗಲಿಲ್ಲ.

“ನಾನು ಬ್ಯಾಂಕಿಗೆ ಹಾಕುವುದು ಚೆಕ್ಕನ್ನು. ಹದಿನಾಲ್ಕು ವರ್ಷ ಚೆಕ್ಕು ಮಾತ್ರ ಬಂದಿದೆ. ಬಿಲ್ಲು ಬರುವ ಲೀಗು ಇರುತ್ತದೆ ಅಂತ ನನ್ನ ತಲೆಗೇ ಹೊಳೆಯಲಿಲ್ಲ,” ಎಂದರು.

ಸಮಿತಿಗೆ ತಾನೇ ಹೇಳುತ್ತೇನೆ, ಒಂದು ದಿನ ಬಿಡು ಎಂದು ಕೇಳಿದರು. ಆಗುವುದಿಲ್ಲ, ನೀವು ಈಗ ಹೇಳಿದ್ದನ್ನು ಹೇಳಿದ ಹಾಗೇ ಹಾಕುತ್ತೇನೆ ಎಂದೆ. ಯೋಚಿಸಿ, ಹಾಕು ಎಂದರು. ಬಾಗಿಲವರೆಗೆ ಬಂದು, ಈಜು ತಂಡದ ಕೋಚ್ ಎರಡು ವಾರದಿಂದ ತನ್ನ ಜೊತೆ ಮಾತಾಡಿಲ್ಲ ಎಂದರು. ಅದನ್ನು ಹಾಕಬೇಡ ಎಂದೂ ಹೇಳಿದರು. ಆಗ ಹಾಕಲಿಲ್ಲ; ಈಗ ಅವರು ನಿವೃತ್ತರಾಗಿದ್ದಾರೆ, ಕೋಚಿಗೂ ಅದರಲ್ಲಿ ಗುಟ್ಟೇನೂ ಇಲ್ಲ, ಅದಕ್ಕೇ ಇಲ್ಲಿ ಬರೆದೆ.

ಗುರುವಾರ ಬೆಳಿಗ್ಗೆ ವರದಿ ಮೊದಲ ಪುಟದ ಕೆಳಭಾಗದಲ್ಲಿ ಬಂತು. ಆಚೆ ದಡದ ಪತ್ರಿಕೆಯಲ್ಲಿ ಏನೂ ಇರಲಿಲ್ಲ. ಎಂಟು ಗಂಟೆಗೆ ಮನೆಯ ಫೋನು ಬಡಿಯಿತು. ಡಾಕ್ಟರು.

“ಪೇಪರ್ ಓದಿದೆ. ನನಗೆ ಲೆಕ್ಕ ಅರ್ಥ ಆಗ್ಲಿಲ್ಲ, ಮಗಳು ಹೇಳಿ ಕೊಟ್ಟಳು. ಈಗಾದ್ರೂ ಹೇಳು, ಮುಚ್ಚುದಾ ಇಲ್ವಾ?”

ಸಂಜೆ ಮತ ಹಾಕುವವರು ನಾನಲ್ಲ ಎಂದೆ. ನೀನು ಭಾರೀ ಕಷ್ಟದ ಜನ ಮಾರಾಯ ಎಂದು ನಕ್ಕರು.

ನಾಲ್ಕಕ್ಕೆ ಸಭೆ. ಹಿಂದಿನ ಎರಡು ಸಾಲಿನ ಕುರ್ಚಿಗಳಲ್ಲಿ ಈಜುವವರು ಕೂತಿದ್ದರು, ಅಭ್ಯಾಸದಿಂದ ನೇರ ಬಂದವರು. ಕೂದಲು ಒದ್ದೆ, ಕೋಣೆಯಲ್ಲೆಲ್ಲ ಕ್ಲೋರಿನ್ ವಾಸನೆ. ಡಾಕ್ಟರ ಮಗಳು ನನ್ನನ್ನು ನೋಡಿ, ನೋಡದವಳ ಹಾಗೆ ಮುಂದಕ್ಕೆ ತಿರುಗಿದಳು. ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ.

ನಿರ್ದೇಶಕರೇ ಮೊದಲು ಎದ್ದರು. ತನ್ನ ಕೋಷ್ಟಕ ಚೆಕ್ಕನ್ನು ಚೆಕ್ಕಿನೊಂದಿಗೆ ಹೋಲಿಸಿದೆ, ಅದು ಸರಿಯಾದ ಹೋಲಿಕೆ ಅಲ್ಲ, ವಾಪಸು ಪಡೆಯುತ್ತೇನೆ ಎಂದರು. ಸಮಿತಿಯ ಒಬ್ಬ ಸದಸ್ಯ, ಟೆಲಿವಿಷನ್ ಹಣ ಮುಂದೆ ಹೆಚ್ಚಬಹುದಲ್ಲ, ಇವತ್ತೇ ಮತ ಹಾಕೋಣ ಎಂದು ಒತ್ತಾಯಿಸಿದರು. ಹೆಚ್ಚಿದರೆ ಬಿಲ್ಲೂ ಹೆಚ್ಚುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. ಅದನ್ನೂ ವಿಚಾರಿಸಬೇಕು ಎಂದರು ನಿರ್ದೇಶಕರು. ಮುಂದೂಡುವ ಸೂಚನೆಗೆ ಏಳು ಕೈ ಎದ್ದವು, ಎರಡು ಏಳಲಿಲ್ಲ. ಎರಡೂ ಸಾಲಿನ ನಿರ್ಣಯ ಒಟ್ಟಿಗೇ ಮುಂದಕ್ಕೆ ಹೋಯಿತು. ಲೀಗು ಬದಲಾಗದೆ ತಂಡ ಮುಚ್ಚುವ ಹಾಗಿರಲಿಲ್ಲ.

ಹಿಂದಿನ ಸಾಲಿನಿಂದ ಚಪ್ಪಾಳೆ ಬರಲಿಲ್ಲ. ಹಲವರು ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ನಾನು ಸಮಯ ಬರೆದುಕೊಂಡೆ: ನಾಲ್ಕು ಐವತ್ತೆರಡು. ಬರೆಯುವಾಗ ಕೈ ಹಗುರವಾಗಿತ್ತು. ವಾರದಿಂದ ಭುಜದಲ್ಲಿ ಕೂತಿದ್ದ ನೋವು ಕಾರಿನಲ್ಲಿ ಕೂತ ಮೇಲೆ ಇಲ್ಲವಾದದ್ದು ಗೊತ್ತಾಯಿತು. ಫ್ರೀವೇಯಲ್ಲಿ ಆ ಹೊತ್ತಿನ ಎಂದಿನ ದಟ್ಟಣೆ. ನನಗೆ ಯಾವ ಅವಸರವೂ ಇರಲಿಲ್ಲ.

ಮರುಹೋಲಿಕೆ ಜೂನ್‌ನಲ್ಲಿ ಮುಗಿಯಿತು. ಈ ಸಲ ಎರಡೂ ಲೀಗುಗಳ ಬಿಲ್ಲು ಸೇರಿಸಿ ಮಾಡಿದರು. ಸಮಿತಿ ಹಳೆಯ ಲೀಗಿನಲ್ಲೇ ಉಳಿಯಲು ಒಮ್ಮತದಿಂದ ಒಪ್ಪಿತು. ಒಹಾಯೊದ ಫಾರ್ಮು ಅಂಚೆಗೆ ಬೀಳಲಿಲ್ಲ. ಡಾಕ್ಟರ ಮಗಳು ಇನ್ನೆರಡು ವರ್ಷ ಅದೇ ತಂಡಕ್ಕೆ ಈಜಿದಳು. 1988ರಲ್ಲಿ ಅವಳ ಕೊನೆಯ ಲೀಗು ಸ್ಪರ್ಧೆಯ ಇನ್ನೂರು ಗಜದ ಬ್ರೆಸ್ಟ್‌ಸ್ಟ್ರೋಕಿನಲ್ಲಿ ನಾಲ್ಕನೆಯವಳಾಗಿ ಬಂದಳು.